ಪಾಠ ಹೇಳುವ ಕೈ

ಬಿ.ಎಡ್. ಓದಿದವರಿಗೆ ಸೂಕ್ಷ್ಮ ಬೋಧನೆಯ ದಿನಗಳು ನೆನಪಿರುತ್ತವೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು ನಮ್ಮ ಶಿಕ್ಷಣ ಕಾಲೇಜುಗಳಿಗೂ ಬಂದ ಈ ಪದ್ಧತಿ ಬೋಧನೆಯನ್ನು ಸಣ್ಣ ಸಣ್ಣ ಕೌಶಲಗಳಾಗಿ ಒಡೆದು, ಕೆಲವೇ ನಿಮಿಷಗಳ ಪಾಠದಲ್ಲಿ ಒಂದೊಂದನ್ನೇ ಅಭ್ಯಾಸ ಮಾಡಿಸುತ್ತದೆ. ಅವುಗಳಲ್ಲೊಂದು ಪ್ರಚೋದನೆ ಬದಲಾವಣೆಯ ಕೌಶಲ. ತರಗತಿಯಲ್ಲಿ ಓಡಾಡುವುದು, ದನಿಯ ಏರಿಳಿತ, ಮಾತಿನ ನಡುವಿನ ಮೌನ ಇವುಗಳ ಜೊತೆಗೆ ಹಾವಭಾವಕ್ಕೂ ಅಲ್ಲಿ ಒಂದು ಸಾಲು ಮೀಸಲು. ಹಿಂದಿನ ಬೆಂಚಿನಲ್ಲಿ ಕೂತ ವೀಕ್ಷಕರು ಆ ಸಾಲಿನ ಮುಂದೆ ಗುರುತು ಹಾಕುತ್ತಾರೆ. ಕೈ ಆಡಿತೇ, ಎಷ್ಟು ಆಡಿತು ಎಂಬುದು ದಾಖಲಾಗುತ್ತದೆ. ಆಡಿದ ಕೈ ಏನು ಹೇಳಿತು ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಈ ಜಾಗ ಇಲ್ಲದಿರುವುದು ಅಚಾತುರ್ಯವಲ್ಲ. ಅದರ ಹಿಂದೆ ಒಂದು ನಂಬಿಕೆಯಿದೆ. ಆ ನಂಬಿಕೆ ಗೊಂದಲದ್ದು ಎಂಬುದು ನನ್ನ ತಕರಾರು.

ನಂಬಿಕೆಯನ್ನು ಮೊದಲು ಅದರ ಪರವಾಗಿಯೇ ಹೇಳಿಬಿಡೋಣ. ಮಗುವಿನ ಗಮನ ಬೇಗ ಚದುರುತ್ತದೆ. ಒಂದೇ ದನಿ, ಒಂದೇ ನಿಲುವು ಮುಂದುವರಿದರೆ ಮನಸ್ಸು ಕಿಟಕಿಯಾಚೆ ಹೋಗುತ್ತದೆ. ಕೈ ಆಡಿದರೆ ಕಣ್ಣು ಅತ್ತ ಹೊರಳುತ್ತದೆ, ಕಣ್ಣಿನ ಹಿಂದೆ ಗಮನ ಬರುತ್ತದೆ, ಗಮನದ ಹಿಂದೆ ಕಲಿಕೆ. ಇದು ಅಲ್ಲಗಳೆಯುವಂಥ ಮಾತೇನಲ್ಲ; ಯಕ್ಷಗಾನ, ಹರಿಕಥೆಗಳನ್ನು ನೋಡಿ ಬೆಳೆದ ಯಾರೂ ಇದನ್ನು ಅಲ್ಲಗಳೆಯಲಾರರು. ಇದಕ್ಕೆ ಎದುರಾಗಿ ಹಳೆಯ ತಲೆಮಾರಿನ ಇನ್ನೊಂದು ಅಭಿಪ್ರಾಯವಿದೆ: ವಿಷಯ ಗೊತ್ತಿದ್ದವರಿಗೆ ಮಾತು ಸಾಕು, ಕೈ ತಿರುಗಿಸುವುದೆಲ್ಲ ನಾಟಕ. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಎರಡಕ್ಕೂ ತಳಪಾಯ ಒಂದೇ. ಅರ್ಥವೆಲ್ಲ ಮಾತಿನಲ್ಲೇ ಇದೆ, ಕೈ ಅದಕ್ಕೆ ಕಟ್ಟಿದ ತೋರಣ ಎಂದು ಇಬ್ಬರೂ ಒಪ್ಪಿದ್ದಾರೆ. ಒಬ್ಬರಿಗೆ ತೋರಣ ಬೇಕು, ಇನ್ನೊಬ್ಬರಿಗೆ ಬೇಡ, ಅಷ್ಟೇ ವ್ಯತ್ಯಾಸ. ಈ ತಳಪಾಯವೇ ತಪ್ಪು. ಪಾಠ ಮಾಡುವವರ ಕೈ ತನ್ನದೇ ಆದ ಹೇಳಿಕೆಯನ್ನು ಮುಂದಿಡುತ್ತದೆ. ಆ ಹೇಳಿಕೆ ಸರಿಯಿರಬಹುದು, ಅರೆಬರೆಯಿರಬಹುದು, ಶುದ್ಧ ಸುಳ್ಳೂ ಇರಬಹುದು.

ವಾದಕ್ಕೆ ಇಳಿಯುವ ಮುನ್ನ ದಾರಿಯಲ್ಲಿ ಬಿದ್ದಿರುವ ಒಂದು ಕಸವನ್ನು ಗುಡಿಸಬೇಕು. ತರಬೇತಿ ಶಿಬಿರಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಲೆಕ್ಕವಿದೆ: ಸಂವಹನದಲ್ಲಿ ಪದಗಳ ಪಾಲು ನೂರಕ್ಕೆ 7, ದನಿಯದು 38, ದೇಹಭಾಷೆಯದು 55. ಇದರ ಮೂಲ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞ ಸಹೋದ್ಯೋಗಿಗಳೊಂದಿಗೆ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಒಂದು ಪ್ರಯೋಗದಲ್ಲಿ ಜೊತೆಗೆ ಮುಖದ ಭಾವಚಿತ್ರಗಳನ್ನೂ ತೋರಿಸಿ, ಮಾತಾಡುವವರಿಗೆ ಎದುರಿನವರ ಮೇಲೆ ಇಷ್ಟವಿದೆಯೇ ಇಲ್ಲವೇ ಎಂದು ಕೇಳಲಾಯಿತು. ಅಲ್ಲಿದ್ದ 55 ಮುಖಭಾವದ ಪಾಲು. ಕೈಗೆ ಆ ಪ್ರಯೋಗಗಳಲ್ಲಿ ಪಾತ್ರವೇ ಇರಲಿಲ್ಲ. ಭಾವನೆ, ಒಲವುಗಳ ವಿಷಯಕ್ಕಷ್ಟೇ ಈ ಲೆಕ್ಕ ಹೊಂದುತ್ತದೆ ಎಂದು ಮೆಹ್ರಾಬಿಯನ್ನರೇ ಸ್ಪಷ್ಟಪಡಿಸಿದ್ದಾರೆ. ಅಷ್ಟಕ್ಕೂ ಲೆಕ್ಕ ನಿಜವಾಗಿದ್ದರೆ, ಪೈಥಾಗೊರಸ್ ಪ್ರಮೇಯವನ್ನು ಯಾರಾದರೂ ಜಪಾನಿ ಭಾಷೆಯಲ್ಲಿ ವಿವರಿಸಿದರೂ ನಮಗೆ ಬಹುಪಾಲು ಅರ್ಥವಾಗಬೇಕಿತ್ತು. ಕೈಯ ಮಹತ್ವವನ್ನು ಎತ್ತಿಹಿಡಿಯಲು ಈ ಅಂಕಿಗಳನ್ನು ಬಳಸುವವರು ಕೈಗೆ ಉಪಕಾರ ಮಾಡುತ್ತಿಲ್ಲ. ಅರ್ಥದ ಪ್ರಶ್ನೆಯನ್ನು ಭಾವನೆಯ ಪ್ರಶ್ನೆಯೊಳಗೆ ತುರುಕುತ್ತಿದ್ದಾರೆ.

ಈಗ ಗಮನದ ವಾದಕ್ಕೆ ಬರೋಣ. ಕೈ ಕಲಿಕೆಗೆ ನೆರವಾಗುವುದು ಗಮನ ಸೆಳೆಯುವುದರಿಂದ ಮಾತ್ರ ಎಂದಾದರೆ ಅದರಿಂದ ಒಂದು ತೀರ್ಮಾನ ಹೊರಡಲೇಬೇಕು: ಕೈ ಏನು ತೋರಿಸುತ್ತದೆ ಎಂಬುದು ಮುಖ್ಯವಲ್ಲ, ಆಡಿದರೆ ಸಾಕು. ಇದನ್ನು ಪರೀಕ್ಷಿಸಬಹುದು, ಪರೀಕ್ಷಿಸಿಯೂ ಆಗಿದೆ. ಶಿಕಾಗೊ ವಿಶ್ವವಿದ್ಯಾಲಯದ ಸೂಸನ್ ಗೋಲ್ಡಿನ್-ಮೆಡೋ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಬಳಸಿದ ಲೆಕ್ಕ ಇಂಥದು: 4 + 3 + 6 = __ + 6. ಮೂರು ನಾಲ್ಕನೇ ತರಗತಿಯ ಬಹಳಷ್ಟು ಮಕ್ಕಳು ಖಾಲಿ ಜಾಗದಲ್ಲಿ 13 ಎಂದೋ 19 ಎಂದೋ ಬರೆಯುತ್ತಾರೆ. ಸಮ ಚಿಹ್ನೆಯವರೆಗಿನದನ್ನು ಕೂಡಿದರೆ 13. ಕಂಡದ್ದನ್ನೆಲ್ಲ ಕೂಡಿದರೆ 19. ಸಮ ಚಿಹ್ನೆ ಎಂದರೆ ‘ಇನ್ನು ಉತ್ತರ ಬರೆ’ ಎಂಬ ಆಜ್ಞೆಯೆಂದು ಅವರು ತಿಳಿದಿದ್ದಾರೆ. ಎರಡು ಬದಿಗಳ ನಡುವಿನ ಸಂಬಂಧವೆಂದು ತಿಳಿದಿಲ್ಲ. ಇದನ್ನು ಸರಿಪಡಿಸಲು ಎರಡು ದಾರಿಗಳಿವೆ. ಈ ಬದಿಯೂ ಆ ಬದಿಯೂ ಒಂದೇ ಆಗಬೇಕು ಎನ್ನುವುದು ಒಂದು. ಎಡಗಡೆಯದನ್ನೆಲ್ಲ ಕೂಡಿ ಬಲಗಡೆಯ 6ನ್ನು ಕಳೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ಕೈಯಲ್ಲಿ ತೋರಿಸುವವರು ಎಡಬದಿಯ ಅಂಕಿಗಳ ಕೆಳಗೊಮ್ಮೆ, ಬಲಬದಿಯ ಕೆಳಗೊಮ್ಮೆ ಅಂಗೈಯನ್ನು ಒಂದೇ ರೀತಿ ಸವರಿಕೊಂಡು ಹೋಗುತ್ತಾರೆ. ಎರಡನೆಯದನ್ನು ತೋರಿಸುವವರು 4, 3, 6 ಎಂದು ಬೆರಳಿಟ್ಟು, ಬಲಗಡೆಯ 6ರ ಬಳಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. 2005ರಲ್ಲಿ ಗೋಲ್ಡಿನ್-ಮೆಡೋ ಅವರು ಮೆಲಿಸ್ಸಾ ಸಿಂಗರ್ ಅವರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಕೈ ಆಡಿಸದೆ ಪಾಠ ಮಾಡಲಾಯಿತು, ಕೆಲವರಿಗೆ ಮಾತಿನಲ್ಲಿದ್ದ ದಾರಿಯನ್ನೇ ಕೈಯಲ್ಲೂ ತೋರಿಸಲಾಯಿತು, ಇನ್ನು ಕೆಲವರಿಗೆ ಮಾತಿನಲ್ಲಿ ಒಂದು ದಾರಿ, ಕೈಯಲ್ಲಿ ಇನ್ನೊಂದು. ಹೆಚ್ಚು ಕಲಿತದ್ದು ಈ ಕೊನೆಯ ಗುಂಪಿನ ಮಕ್ಕಳು. ಅದಕ್ಕಿಂತ ಕುತೂಹಲದ ಸಂಗತಿ, ಎರಡೂ ದಾರಿಗಳನ್ನು ಮಾತಿನಲ್ಲೇ ಹೇಳಿದಾಗ ಲಾಭವಾಗಲಿಲ್ಲ. ಒಂದೇ ದಾರಿ ಹೇಳಿದ್ದಕ್ಕಿಂತ ಫಲ ಕಡಿಮೆಯಾಯಿತು. ಗಮನ ಸೆಳೆಯುವುದಷ್ಟೇ ಕೈಯ ಕೆಲಸವಾಗಿದ್ದರೆ, ಹೊಂದುವ ಕೈಗೂ ಬೇರೆಯದನ್ನು ಹೇಳುವ ಕೈಗೂ ಫಲಿತಾಂಶದಲ್ಲಿ ವ್ಯತ್ಯಾಸ ಬರಬೇಕಾಗಿರಲಿಲ್ಲ. ಬಂತೆಂದರೆ, ಮಕ್ಕಳು ಕೈಯನ್ನು ಓದುತ್ತಿದ್ದರು.

ಇಲ್ಲಿ ಎಚ್ಚರದ ಓದುಗರು ಒಂದು ಆಕ್ಷೇಪ ಎತ್ತಬಹುದು. ಕೈ ಆಡಿಸುವಾಗ ಮನುಷ್ಯರ ದನಿಯೂ ಬದಲಾಗುತ್ತದೆ, ಕಣ್ಣು ಕೈಯ ಕಡೆ ತಿರುಗುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ಕಲಿಸಿದ್ದು ಕೈಯೋ ಅದರ ಜೊತೆ ಬಂದ ಇವೆಲ್ಲವೋ? ಆಕ್ಷೇಪ ನ್ಯಾಯವಾದದ್ದೇ. ಅಯೋವಾ ವಿಶ್ವವಿದ್ಯಾಲಯದ ಸೂಸನ್ ವ್ಯಾಗ್ನರ್ ಕುಕ್ ಮತ್ತು ಸಂಗಡಿಗರು ಇದಕ್ಕೆಂದೇ ಮನುಷ್ಯ ಶಿಕ್ಷಕರನ್ನು ಬಿಟ್ಟು ಕಂಪ್ಯೂಟರಿನಲ್ಲಿ ಒಬ್ಬ ಶಿಕ್ಷಕಿಯ ಬೊಂಬೆಯನ್ನು ಸೃಷ್ಟಿಸಿದರು. ಅದೇ ದನಿ, ಅದೇ ನೋಟ, ಅದೇ ಪಾಠ. ಒಂದರಲ್ಲಿ ಕೈ ಚಲಿಸುತ್ತದೆ, ಇನ್ನೊಂದರಲ್ಲಿ ಇಲ್ಲ. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲೂ ಕೈ ಕಂಡ ಮಕ್ಕಳೇ ಹೆಚ್ಚು ಕಲಿತಿದ್ದರು. ಅದಕ್ಕೂ ಮುಂಚೆ, 2013ರಲ್ಲಿ, ಕೈಚಲನೆಯಿದ್ದ ವಿಡಿಯೊ ಪಾಠ ನೋಡಿದ ಮಕ್ಕಳು ಕೂಡಲೇ ನಡೆದ ಪರೀಕ್ಷೆಯಲ್ಲಿ ಮುಂದಿದ್ದುದಷ್ಟೇ ಅಲ್ಲ, ಮಾರನೆಯ ದಿನಕ್ಕೆ ಇನ್ನಷ್ಟು ಸುಧಾರಿಸಿದ್ದರು ಎಂದೂ ಅವರ ತಂಡ ತೋರಿಸಿತ್ತು. ಕ್ಷಣದ ಮಟ್ಟಿಗೆ ಎಚ್ಚರಗೊಳಿಸುವ ಉಪಾಯಕ್ಕೆ ಇಂಥ ಬಾಳಿಕೆ ಇರುವುದು ಕಷ್ಟ.

ಹಾಗಾದರೆ ಕೈ ಎಲ್ಲ ಪಾಠಕ್ಕೂ ಒಂದೇ ಮದ್ದೇ? ಅಲ್ಲ. 2011ರಲ್ಲಿ ಆಟಮ್ ಹಾಸ್ಟೆಟರ್ ಎಂಬ ಸಂಶೋಧಕಿ ಅದುವರೆಗಿನ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಅಳೆದು ನೋಡಿದಾಗ ಕೈಯ ಪರಿಣಾಮ ಮಧ್ಯಮ ಪ್ರಮಾಣದ್ದೆಂದು ಕಂಡಿತು. ಎಲ್ಲಿ ಹೆಚ್ಚು ಎಂಬುದೂ ಗೊತ್ತಾಯಿತು:

1. ಆಕಾರ, ದಿಕ್ಕು, ಚಲನೆ ಇವುಗಳ ವಿಷಯದಲ್ಲಿ ಹೆಚ್ಚು. ಅಮೂರ್ತ ವಿಷಯದಲ್ಲಿ ಕಡಿಮೆ.

2. ಬಾಯಿ ಹೇಳದೆ ಬಿಟ್ಟದ್ದನ್ನು ಕೈ ಹೇಳಿದಾಗ ಹೆಚ್ಚು; ಬಾಯಿ ಹೇಳಿದ್ದನ್ನೇ ಕೈ ಮತ್ತೆ ಹೇಳಿದಾಗ ಕಡಿಮೆ.

3. ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು.

ಈ ಪಟ್ಟಿಯಲ್ಲಿ ನನಗೆ ಮುಖ್ಯವಾದದ್ದು ಎರಡನೆಯದು. ಫ್ಲೆಮಿಂಗ್‌ನ ಎಡಗೈ ನಿಯಮವನ್ನು ಹತ್ತನೇ ತರಗತಿಯಲ್ಲಿ ಬರಿ ಮಾತಿನಲ್ಲಿ ಹೇಳಿ ನೋಡಿ: ತೋರುಬೆರಳು ಕಾಂತಕ್ಷೇತ್ರದ ದಿಕ್ಕು, ಮಧ್ಯಬೆರಳು ವಿದ್ಯುತ್ ಪ್ರವಾಹದ ದಿಕ್ಕು, ಹೆಬ್ಬೆರಳು ಬಲದ ದಿಕ್ಕು, ಮೂರೂ ಒಂದಕ್ಕೊಂದು ಲಂಬ. ವಾಕ್ಯ ಸರಿಯಾಗಿದೆ, ಆದರೆ ಮೂರು ದಿಕ್ಕುಗಳು ಒಂದೇ ಬಿಂದುವಿನಲ್ಲಿ ಹೇಗೆ ಕೂಡುತ್ತವೆ ಎಂಬುದನ್ನು ಒಂದರ ಹಿಂದೊಂದು ಬರುವ ಪದಗಳು ಒಮ್ಮೆಗೇ ಹೇಳಲಾರವು. ಅಲ್ಲಿ ಕೈ ಅಲಂಕಾರವಲ್ಲ, ನಿಯಮ ಇರುವುದೇ ಅದರಲ್ಲಿ. ಅದೇ ಮೇಷ್ಟ್ರು ಮುಂದಿನ ಅವಧಿಯಲ್ಲಿ ಪ್ರಜಾಪ್ರಭುತ್ವದ ಲಕ್ಷಣಗಳನ್ನು ಹೇಳುತ್ತಾ ಎರಡೂ ಕೈಯನ್ನು ಎಷ್ಟು ಅಗಲಿಸಿದರೂ ಲಕ್ಷಣಗಳು ಹೆಚ್ಚು ಸ್ಪಷ್ಟವಾಗುವುದಿಲ್ಲ. ವೀಕ್ಷಕರ ಹಾಳೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಗುರುತು.

ಕೈ ಹೇಳಿಕೆ ನೀಡುತ್ತದೆ ಎಂದು ಒಪ್ಪಿದ ಮೇಲೆ, ಅದು ತಪ್ಪು ಹೇಳಬಹುದು ಎಂದೂ ಒಪ್ಪಬೇಕಾಗುತ್ತದೆ. ಗಮನದ ವಾದಕ್ಕೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ, ಅದರ ದೊಡ್ಡ ಕೊರತೆ ಇದೇ. ಒಂದು ಸಾದಾ ಉದಾಹರಣೆ: ಗ್ರಾಫ್ ಪಾಠ. ಎಕ್ಸ್ ಹೆಚ್ಚಿದಂತೆ ವೈ ಹೆಚ್ಚುತ್ತದೆ ಎನ್ನುತ್ತಾ ಮೇಷ್ಟ್ರು ಮಕ್ಕಳತ್ತ ಮುಖ ಮಾಡಿ ನಿಂತು ತಮ್ಮ ಎಡದಿಂದ ಬಲಕ್ಕೆ ಕೈಯನ್ನು ಓರೆಯಾಗಿ ಮೇಲೇರಿಸುತ್ತಾರೆ. ಅವರ ಮಟ್ಟಿಗೆ ಗೆರೆ ಏರಿತು. ಎದುರು ಕೂತ ಮಗು ಎಡದಿಂದ ಬಲಕ್ಕೆ ಓದಿಕೊಂಡರೆ ಅದೇ ಗೆರೆ ಇಳಿಯುತ್ತದೆ. ಬಾಯಿ ಏರಿಕೆ ಎಂದಿತು, ಕೈ ಇಳಿಕೆಯನ್ನು ಬಿಡಿಸಿತು. ಸಂಖ್ಯಾರೇಖೆಯಲ್ಲೂ ಇದೇ ಕಥೆ: ಮೇಷ್ಟರ ಬಲಕ್ಕೆ ಹೋದ ಧನ ಸಂಖ್ಯೆ ಮಕ್ಕಳ ಎಡಕ್ಕೆ ಹೋಗಿರುತ್ತದೆ. ಬೋರ್ಡಿನ ಕಡೆ ತಿರುಗಿ ನಿಂತರೆ ಸಮಸ್ಯೆ ಮುಗಿಯಿತು, ಆದರೆ ಕೈ ಏನೋ ಹೇಳುತ್ತಿದೆ ಎಂಬ ಪ್ರಜ್ಞೆಯಿಲ್ಲದವರಿಗೆ ತಿರುಗಬೇಕೆಂದು ತೋಚುವುದು ಹೇಗೆ?

ಇನ್ನೊಂದು ಉದಾಹರಣೆ ಇದಕ್ಕಿಂತ ಆಳವಾದದ್ದು. ಭೂಮಿ ಸೂರ್ಯನ ಸುತ್ತ ದೀರ್ಘವೃತ್ತಾಕಾರದ ಪಥದಲ್ಲಿ ಸುತ್ತುತ್ತದೆ ಎಂದು ಹೇಳುವ ಬಹುಪಾಲು ಕೈಗಳು ಗಾಳಿಯಲ್ಲಿ ಉದ್ದನೆಯ ಮೊಟ್ಟೆಯನ್ನು ಬಿಡಿಸುತ್ತವೆ. ಮಾತು ಸರಿ, ದೀರ್ಘವೃತ್ತವೇ. ಆದರೆ ಭೂಮಿಯ ಕಕ್ಷೆಯ ಉತ್ಕೇಂದ್ರತೆ ಸುಮಾರು 0.0167 ಮಾತ್ರ. ಇದರ ಅರ್ಥವನ್ನು ಕೈಯ ಅಳತೆಗೆ ಇಳಿಸಿದರೆ ಹೀಗಾಗುತ್ತದೆ: ಗಾಳಿಯಲ್ಲಿ ಒಂದು ಮೀಟರ್ ಅಗಲದ ಕಕ್ಷೆ ಬಿಡಿಸಿದರೆ ಅದರ ಉದ್ದಕ್ಕೂ ಅಡ್ಡಕ್ಕೂ ಇರಬೇಕಾದ ಅಂತರ ಒಂದು ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು, ಸೂರ್ಯ ನಟ್ಟನಡುವಿನಿಂದ ಸರಿದಿರಬೇಕಾದದ್ದು ಸುಮಾರು 8 ಮಿಲಿಮೀಟರ್. ಅಂದರೆ ಯಾವ ಮನುಷ್ಯರ ಕೈಯೂ ತೋರಿಸಲಾಗದಷ್ಟು ಅದು ವೃತ್ತಕ್ಕೆ ಹತ್ತಿರ. ಗಾಳಿಯಲ್ಲಿ ಮೊಟ್ಟೆಯನ್ನು ಕಂಡ ಮಗು ಅದರಿಂದ ಸಹಜವಾದ ತೀರ್ಮಾನಕ್ಕೆ ಬರುತ್ತದೆ: ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ತೀರ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ ಇರುವುದು ಜನವರಿಯ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಂಡಿರುವಾಗ. ತೀರ ದೂರ, ಸುಮಾರು 15.2 ಕೋಟಿ ಕಿಲೋಮೀಟರ್ ಆಚೆ ಇರುವುದು ಜುಲೈ ಮೊದಲ ವಾರದಲ್ಲಿ. ಋತುಗಳಿಗೆ ಕಾರಣ ಅಕ್ಷದ ಓರೆ ಎಂದು ಅದೇ ಮೇಷ್ಟ್ರು ಮುಂದಿನ ವಾಕ್ಯದಲ್ಲಿ ಹೇಳಿರುತ್ತಾರೆ. ಆದರೆ ಆ ವಾಕ್ಯದ ಜೊತೆ ಕೈ ಬಂದಿರುವುದಿಲ್ಲ. ಪಠ್ಯಪುಸ್ತಕದಲ್ಲಿ ಓರೆಯಾಗಿ ನೋಡಿದಂತೆ ಬರೆದ ಕಕ್ಷೆಯ ಚಿತ್ರವೂ ಈ ತಪ್ಪಿಗೆ ಪಾಲುದಾರ ಎಂಬುದು ನಿಜ. ಕೈಯೊಂದನ್ನೇ ದೂರುವುದು ಅನ್ಯಾಯ. ಆದರೂ ಚಿತ್ರದ ತಪ್ಪನ್ನು ತಜ್ಞರು ತಿದ್ದಬಹುದು, ಕೈಯ ತಪ್ಪನ್ನು ಯಾರೂ ಗಮನಿಸುವುದೇ ಇಲ್ಲ.

ಮತ್ತೊಂದು ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ಕೈ ಆಡಿಸುವುದು ಮನುಷ್ಯಸಹಜ. ಫೋನಿನಲ್ಲಿ ಮಾತಾಡುವಾಗಲೂ ಆಡಿಸುತ್ತೇವೆ. ಹುಟ್ಟಿನಿಂದ ದೃಷ್ಟಿಯಿಲ್ಲದವರು ತಮ್ಮಂತೆಯೇ ದೃಷ್ಟಿಯಿಲ್ಲದವರೊಡನೆ ಮಾತಾಡುವಾಗಲೂ ಕೈ ಆಡಿಸುತ್ತಾರೆಂದು ಜಾನಾ ಐವರ್ಸನ್ ಮತ್ತು ಗೋಲ್ಡಿನ್-ಮೆಡೋ 1998ರಲ್ಲೇ ತೋರಿಸಿದ್ದಾರೆ. ಹಾಗಿದ್ದರೆ ಕೈಚಲನೆ ಮಾತಾಡುವವರ ಅನುಕೂಲಕ್ಕೆ ಇರುವುದು, ಕೇಳುವವರಿಗಲ್ಲ ಎನ್ನಬೇಕಲ್ಲವೇ? ಮೊದಲರ್ಧ ಸರಿಯಿದೆ. ಲೆಕ್ಕ ವಿವರಿಸುತ್ತಲೇ ಅಕ್ಷರಗಳ ಪಟ್ಟಿಯನ್ನು ನೆನಪಿಟ್ಟುಕೊಳ್ಳಬೇಕಾದಾಗ ಕೈ ಆಡಿಸಿದವರಿಗೆ ಪಟ್ಟಿ ಹೆಚ್ಚು ನೆನಪಿತ್ತು ಎಂಬ 2001ರ ಪ್ರಯೋಗವೂ ಅದನ್ನೇ ಹೇಳುತ್ತದೆ; ಕೈ ಮನಸ್ಸಿನ ಭಾರ ಇಳಿಸುತ್ತದೆ. ಆದರೆ ಒಂದು ವಸ್ತು ಹುಟ್ಟಿದ್ದು ಯಾರ ಸಲುವಾಗಿ ಎಂಬುದರಿಂದ ಅದರ ಪರಿಣಾಮ ಯಾರ ಮೇಲಾಗುತ್ತದೆ ಎಂಬುದು ತೀರ್ಮಾನವಾಗುವುದಿಲ್ಲ. ಮೇಷ್ಟ್ರು ತಮ್ಮ ಅನುಕೂಲಕ್ಕೇ ಕೈ ತಿರುಗಿಸಿದರೂ ಮಕ್ಕಳಿಗೆ ಅದು ಕಾಣುತ್ತದೆ. ಈ ಆಕ್ಷೇಪದಿಂದ ನಿಜವಾಗಿ ಹೊರಡುವ ತೀರ್ಮಾನ ಹಳೆಯ ತಲೆಮಾರಿಗೆ ಪ್ರತಿಕೂಲವಾದದ್ದು: ಕೈ ಕಟ್ಟಿಕೊಂಡು ಪಾಠ ಮಾಡಿ ಎಂದರೆ ಹೇಳುವವರ ಯೋಚನೆಗೂ ತೊಡಕು.

ಭಾಷೆಯ ಪ್ರಶ್ನೆಯನ್ನೂ ಇಲ್ಲೇ ಎತ್ತಬೇಕು. ಕರ್ನಾಟಕ ಸರ್ಕಾರ 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಖಾಸಗಿ ಶಾಲೆಗಳ ಮಾತು ಬೇರೆಯೇ. ಮನೆಯಲ್ಲಿಲ್ಲದ ಭಾಷೆಯಲ್ಲಿ ಪಾಠ ಕೇಳುವ ಮಗುವಿಗೆ ಕೈ ಊರುಗೋಲಾಗುತ್ತದೆ. ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದಾಗ ಕೈಚಲನೆಯಿದ್ದ ಪಾಠವೇ ಹೆಚ್ಚು ಹತ್ತಿತೆಂದು ಬ್ರೆಕಿನ್ರಿಡ್ಜ್ ಚರ್ಚ್ ಮತ್ತು ಸಂಗಡಿಗರು 2004ರಲ್ಲಿ ವರದಿ ಮಾಡಿದ್ದಾರೆ. ಸಂತೋಷವೇ. ಆದರೆ ಇದರಲ್ಲೊಂದು ಮೋಸವೂ ಅಡಗಿದೆ. ಕೈ ನೋಡಿ ಉತ್ತರ ಊಹಿಸಿದ ಮಗು ಭಾಷೆಯನ್ನು ಕಲಿತಿತು ಎಂದು ಶಾಲೆ ತಿಳಿಯುತ್ತದೆ. ಪರೀಕ್ಷೆಯ ಹಾಳೆಗೆ ಕೈ ಇರುವುದಿಲ್ಲ. ಇದು ಕೈಯ ದೋಷವಲ್ಲ, ಮಾಧ್ಯಮದ ಆಯ್ಕೆಯ ದೋಷ. ಅದನ್ನು ಕೈಯಿಂದ ಮುಚ್ಚಲು ಹೊರಟರೆ ಬಹಳ ದಿನ ಮುಚ್ಚಲಾಗದು.

ಇಷ್ಟು ಹೊತ್ತು ಮೇಷ್ಟರ ಕೈಯ ಮಾತಾಯಿತು. ಮಗುವಿನ ಕೈ? ನಮ್ಮ ಶಾಲೆಗಳ ಅತಿ ಪರಿಚಿತ ಆಜ್ಞೆ ‘ಕೈ ಕಟ್ಟು, ಬಾಯಿ ಮುಚ್ಚು’. ಶಿಸ್ತಿನ ದೃಷ್ಟಿಯಿಂದ ಅದಕ್ಕೆ ಕಾರಣವಿದೆ. ಕಿಕ್ಕಿರಿದ ಕೋಣೆಯಲ್ಲಿ ಒಬ್ಬರೇ ಪಾಠ ಮಾಡುವವರ ಕಷ್ಟ ಹೊರಗಿನವರಿಗೆ ತಿಳಿಯದು. ಆದರೆ ಕಲಿಕೆಯ ದೃಷ್ಟಿಯಿಂದ ಈ ಆಜ್ಞೆ ಮಗು ತನ್ನ ತಿಳಿವನ್ನು ಹೊರಹಾಕುವ ಎರಡು ದಾರಿಗಳನ್ನೂ ಒಟ್ಟಿಗೆ ಮುಚ್ಚುತ್ತದೆ. 1986ರಲ್ಲಿ ಚರ್ಚ್ ಮತ್ತು ಗೋಲ್ಡಿನ್-ಮೆಡೋ ಪ್ರಕಟಿಸಿದ ಅಧ್ಯಯನದಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆಯ ಹಳೆಯ ಪರೀಕ್ಷೆಗಳನ್ನು ಬಳಸಲಾಗಿತ್ತು. ಉದ್ದನೆಯ ಲೋಟದ ನೀರನ್ನು ಅಗಲವಾದ ಬಟ್ಟಲಿಗೆ ಸುರಿದು, ನೀರು ಅಷ್ಟೇ ಇದೆಯೇ ಎಂದು ಕೇಳಿದರೆ ಕೆಲವು ಮಕ್ಕಳು ‘ಇಲ್ಲ, ಅದು ಎತ್ತರ, ಇದು ಗಿಡ್ಡ’ ಎನ್ನುತ್ತಾರೆ. ಬಾಯಿ ಎತ್ತರವನ್ನಷ್ಟೇ ಹೇಳುತ್ತಿರುವಾಗ, ಅವರಲ್ಲಿ ಕೆಲವರ ಕೈ ಅಗಲವನ್ನು ಹಿಡಿದು ತೋರಿಸುತ್ತಿರುತ್ತದೆ. ಉತ್ತರ ತಪ್ಪು, ಆದರೆ ಸರಿಯುತ್ತರಕ್ಕೆ ಬೇಕಾದ ಇನ್ನರ್ಧ ಆ ಕೈಯಲ್ಲಿ ಆಗಲೇ ಇದೆ. ಪಾಠದಿಂದ ಹೆಚ್ಚು ಪ್ರಯೋಜನ ಪಡೆದದ್ದು ಇಂಥ ಮಕ್ಕಳೇ. ತಪ್ಪುತ್ತರ ಕೇಳಿದ ಕೂಡಲೇ ‘ಕೂತ್ಕೊ’ ಎನ್ನುವವರಿಗೆ ಈ ಇನ್ನರ್ಧ ಕಾಣುವ ಸಂಭವವಿಲ್ಲ. 2006ರ ಇನ್ನೊಂದು ಅಧ್ಯಯನ ಈ ಎರಡೂ ಕೈಗಳನ್ನು ಜೋಡಿಸುತ್ತದೆ: ಶಿಕ್ಷಕರ ಕೈಚಲನೆ ನೋಡಿದ ಮಕ್ಕಳು ತಾವೂ ಕೈ ಬಳಸತೊಡಗಿದರು, ಬಳಸಿದವರಿಗೆ ಕಲಿಕೆ ಹೆಚ್ಚು ಒಲಿಯಿತು. ಸಂಗೀತದ ಪಾಠ ಇದನ್ನು ಎಂದಿನಿಂದಲೂ ಬಲ್ಲದು. ಆದಿತಾಳವನ್ನು ಗುರು ಹಾಕಿ ತೋರಿಸಿ ಅಲ್ಲಿಗೇ ಬಿಡುವುದಿಲ್ಲ. ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಮತ್ತೆ ಎರಡು ಬಾರಿ ಪೆಟ್ಟು ಮತ್ತು ಹುಸಿ, ಹೀಗೆ ಎಂಟನ್ನೂ ಶಿಷ್ಯೆಯ ಕೈ ತನ್ನ ತೊಡೆಯ ಮೇಲೆ ಹಾಕಲೇಬೇಕು. ಸರಳೆ ವರಸೆಯಲ್ಲಿ ಕೈ ಕಟ್ಟಿ ಕೂರಿಸಿದ ಸಂಗೀತದ ಮೇಷ್ಟ್ರನ್ನು ನಾನು ಕಂಡಿಲ್ಲ.

ಕೊನೆಯದಾಗಿ, ಹೀಗೆ ಲೆಕ್ಕ ಹಾಕಿ ಕೈ ಆಡಿಸಲು ಹೊರಟರೆ ಸಹಜತೆ ಕೆಟ್ಟು ಪಾಠ ಕವಾಯತು ಆಗುವುದಿಲ್ಲವೇ ಎಂಬ ಭಯ. ಪ್ರತಿ ಚಲನೆಯನ್ನೂ ಯೋಜಿಸಿದರೆ ಖಂಡಿತ ಆಗುತ್ತದೆ. ಅದನ್ನು ಯಾರೂ ಕೇಳುತ್ತಿಲ್ಲ. ಪಾಠಕ್ಕೆ ಒಂದೋ ಎರಡೋ ಗಂಟುಗಳಿರುತ್ತವೆ, ಮಕ್ಕಳು ತಪ್ಪುವ ಜಾಗಗಳು. ಅಲ್ಲಿ ಕೈ ಏನು ತೋರಿಸಬೇಕೆಂದು ಮುಂಚೆಯೇ ಯೋಚಿಸಿದರೆ ಸಾಕು. ಬೋರ್ಡಿನ ಮೇಲಿನ ಎರಡು ವಿಷಯಗಳನ್ನು ಕೈಯಿಂದ ಜೋಡಿಸಿ ತೋರಿಸುವ ರೀತಿಯನ್ನು ಶಿಕ್ಷಕರು ಕಲಿಯಬಲ್ಲರು, ಕಲಿತ ಮೇಲೆ ಮಕ್ಕಳಿಗೆ ಅದರಿಂದ ಲಾಭವಾಗುತ್ತದೆ ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಾರ್ಥಾ ಅಲಿಬಾಲಿ ಮತ್ತು ಸಹೋದ್ಯೋಗಿಗಳು 2013ರಲ್ಲಿ ತೋರಿಸಿದ್ದಾರೆ. ವಿಡಿಯೊ ಪಾಠ ತಯಾರಿಸುವವರಿಗೂ ಇದರಲ್ಲಿ ಒಂದು ಮಾತಿದೆ: ಪರದೆಯ ಮೂಲೆಯಲ್ಲಿ ಶಿಕ್ಷಕಿಯ ಮುಖವನ್ನಷ್ಟೇ ಕೂರಿಸಿ ಭುಜದ ಕೆಳಗೆ ಕತ್ತರಿಸಿದರೆ, ಕತ್ತರಿಸಿ ಎಸೆದದ್ದು ಪಾಠದ ಒಂದು ಭಾಗವನ್ನೇ.

ಪಾಠ ವೀಕ್ಷಣೆಗೆ ಕೂರುವ ಹಿರಿಯ ಶಿಕ್ಷಕರಲ್ಲಿ, ಪ್ರಾಧ್ಯಾಪಕರಲ್ಲಿ ನನ್ನದು ಒಂದೇ ಕೋರಿಕೆ. ಹಾವಭಾವ ಎಂಬ ಸಾಲಿನ ಮುಂದೆ ಅಂಕ ಬರೆಯುವ ಮುನ್ನ, ಯಾವ ವಾಕ್ಯದ ಜೊತೆ ಯಾವ ಕೈ ಬಂತು, ಅದು ಎದುರು ಕೂತ ಮಗುವಿಗೆ ಏನೆಂದು ಕಂಡಿರಬಹುದು ಎಂದು ಒಂದೇ ಒಂದು ಉದಾಹರಣೆ ಬರೆಯಿರಿ. ಬರೆಯಲು ಏನೂ ಸಿಗದಿದ್ದರೆ ಆ ಸಾಲನ್ನು ಖಾಲಿ ಬಿಡಿ.